ಬೆವರಂಗಿ

ಬೆಳಗಾದರೆ ಆ ಮನೆಯಲ್ಲಿ ಮೊದಲು ಕೇಳುತ್ತಿದ್ದುದು ಮಗಳ ಹಸಿವಿನ ಗಲಾಟೆ.

"ಏನಾದ್ರೂ ಕೊಡಮ್ಮ, ಇಲ್ಲಾಂದ್ರೆ ಗೋಡೆ ತಿಂದುಬಿಡ್ತೀನಿ."

"ತಿನ್ನು ತಾಯಿ, ಬಾಡಿಗೆ ಗೋಡೆ. ನಮ್ಮಪ್ಪನ ಗಂಟೇನು ಹೋಗುತ್ತೆ" ಎಂದು ಅಜ್ಜಿ ನಗುತ್ತಿದ್ದಳು.

ಹದಿನಾರರ ಹುಡುಗಿ, ಕುಸ್ತಿ ಆಡುವವಳು, ತೂಕ ಐವತ್ತನಾಲ್ಕು ಕಿಲೋ. ಮನೆಯವರ ಬಾಯಲ್ಲಿ ಗುಂಡಮ್ಮ. ಅವಳ ಅಪ್ಪ ತೀರಿಕೊಂಡ ಮೇಲೆ ಅತ್ತೆ, ಸೊಸೆ, ಮೊಮ್ಮಗಳು, ಮೂವರದೇ ಸಂಸಾರ. ತಾಯಿ ರೇನ್‌ಕೋಟ್ ಕಾರ್ಖಾನೆಯಲ್ಲಿ ಹೊಲಿಗೆಯವಳು. ಅವಳು ಹಾಕಿದ ಹೊಲಿಗೆಯಲ್ಲಿ ಒಂದು ಹನಿ ನೀರು ನುಸುಳುತ್ತಿರಲಿಲ್ಲ. ಆ ಕೈಗುಣವೇ ಅವಳಿಗೆ ಮುಳುವಾಯಿತು.

ಕುಸ್ತಿ ಕ್ಲಬ್ಬಿನಲ್ಲಿ ಒಂದು ಪದ್ಧತಿ. ಪಂದ್ಯಕ್ಕೆ ನಾಲ್ಕು ದಿನ ಇರುವಾಗ ಊಟ ನಿಲ್ಲಿಸುವುದು, ಎರಡು ದಿನ ಇರುವಾಗ ನೀರು ನಿಲ್ಲಿಸುವುದು, ರೇನ್‌ಕೋಟಿನ ಬಟ್ಟೆಯಲ್ಲಿ ಹೊಲಿದ ಅಂಗಿ ತೊಡಿಸಿ ಬೆವರು ಬತ್ತುವವರೆಗೆ ಓಡಿಸುವುದು. ತೂಕ ಇಳಿದರೆ ಕೆಳಗಿನ ವರ್ಗದಲ್ಲಿ ಆಡಬಹುದು, ಸಣ್ಣ ಹುಡುಗಿಯರನ್ನು ಸುಲಭವಾಗಿ ಕೆಡವಬಹುದು. ಆ ಅಂಗಿಗೆ ಬೆವರಂಗಿ ಎನ್ನುತ್ತಾರೆ. ಯಾರು ಶುರು ಮಾಡಿದರೋ ಯಾರಿಗೂ ಗೊತ್ತಿಲ್ಲ. ಕುಸ್ತಿ ಕಲಿಸುವ ಮೇಷ್ಟ್ರಿಗೆ ಅವರ ಮೇಷ್ಟ್ರು ಕಲಿಸಿದ್ದು, ಅಷ್ಟೇ.

"ಅಂಗಡೀದು ಹರಿದುಹೋಗುತ್ತೆ ಅಕ್ಕ, ನೀವೇ ಒಂದು ಹೊಲಿದುಕೊಡಿ" ಎಂದರು ಮೇಷ್ಟ್ರು. ತಾಯಿ ಹೊಲಿದಳು. ಕತ್ತಿಗೆ, ಮುಂಗೈಗೆ ಎರಡೆರಡು ಹೊಲಿಗೆ ಹಾಕಿದಳು.

ಕ್ರೀಡಾ ಇಲಾಖೆಯ ಅಧಿಕಾರಿಣಿಯೊಬ್ಬರು ತಪಾಸಣೆಗೆ ಬಂದವರು ಮನೆಯವರೆಗೂ ಬಂದರು. ಅಪಾಯದ ರೀತಿಯಲ್ಲಿ ತೂಕ ಇಳಿಸುವುದಿಲ್ಲ ಎಂಬ ಕಾಗದಕ್ಕೆ ಹೆತ್ತವರ ಸಹಿ ಬೇಕಿತ್ತು.

"ಬೆವರಲ್ಲಿ ಹೋಗೋದು ಕೊಬ್ಬಲ್ಲಮ್ಮ, ರಕ್ತದಲ್ಲಿರೋ ನೀರು. ಐವತ್ನಾಲ್ಕು ಇದ್ದೋಳು ಐವತ್ತರಲ್ಲಿ ಯಾಕೆ ಆಡ್ಬೇಕು? ಅವಳ ತೂಕದಲ್ಲೇ ಆಡ್ಲಿ."

"ಅವಳ ತೂಕದಲ್ಲಿ ಆಡಿದ್ರೆ ಪದಕ ಯಾರು ಕೊಡ್ತಾರೆ ಮೇಡಂ?" ಜೊತೆಗೆ ಬಂದಿದ್ದ ಮೇಷ್ಟ್ರು ನಕ್ಕರು. "ಪದಕ ಇಲ್ಲ ಅಂದ್ರೆ ನಿಮ್ಮ ಇಲಾಖೆ ಅನುದಾನ ಕೊಡುತ್ತಾ?"

ಅಧಿಕಾರಿಣಿ ಕಾಗದವನ್ನು ತಾಯಿಯ ಮುಂದಕ್ಕೆ ಸರಿಸಿದರು.

"ಹೊಟ್ಟೆ ಕಟ್ಟಿ ಬೆಳೆದೋರು ನಾವು. ಸತ್ತುಹೋದ್ವಾ?" ಎಂದಳು ಅಜ್ಜಿ.

ತಾಯಿ ಸಹಿ ಹಾಕಿದಳು. ಬೆವರಂಗಿ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿತ್ತು. ಅಧಿಕಾರಿಣಿ ಬಾಗಿಲು ಸರಿಸಿ ನೋಡಲಿಲ್ಲ, ಕಾಗದ ಮಡಚಿಕೊಂಡು ಹೋದರು.

ಪಂದ್ಯದ ಹಿಂದಿನ ದಿನ ಮಧ್ಯಾಹ್ನ ಮಗಳು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಳು. ಗಲಾಟೆ ಇಲ್ಲ. ತುಟಿ ಒಡೆದಿತ್ತು.

"ಅಮ್ಮ, ಒಂದೇ ಗುಟುಕು."

ತಾಯಿ ಲೋಟ ತುಂಬಿಸಿದ್ದಳು. ಅಷ್ಟರಲ್ಲಿ ಅಜ್ಜಿ, "ಇಷ್ಟು ದಿನ ಪಟ್ಟ ಪಾಡೆಲ್ಲ ನೀರಲ್ಲಿ ಹೋಮ ಮಾಡ್ತೀಯಾ?" ಎಂದಳು.

"ಬಾಯಿ ಮುಕ್ಕಳಿಸಿ ಉಗಿ ಕಂದ" ಎಂದಳು ತಾಯಿ. "ನಾಳೆ ತೂಕ ಆಗ್ಲಿ, ಒಂದು ಕೊಡ ಕುಡಿ."

ಹುಡುಗಿ ಮುಕ್ಕಳಿಸಿ ಉಗಿದಳು. ಒಂದು ಹನಿಯೂ ನುಂಗಲಿಲ್ಲ, ಹೇಳಿದ ಮಾತನ್ನು ಅಷ್ಟು ಕೇಳುವ ಮಗು.

ಮರುದಿನ ತೂಕದ ಯಂತ್ರ ನಲವತ್ತೊಂಬತ್ತು ಕಿಲೋ ಒಂಬೈನೂರು ಗ್ರಾಂ ತೋರಿಸಿತು. ಮೇಷ್ಟ್ರು ಭೇಷ್ ಎಂದರು. ಯಂತ್ರದಿಂದ ಇಳಿದವಳು ಎರಡು ಹೆಜ್ಜೆ ಇಟ್ಟು ಕುಸಿದಳು. ತಾಯಿಯ ಕೈಯಲ್ಲಿ ನೀರಿನ ಬಾಟಲಿ ಇತ್ತು, ಮುಚ್ಚಳ ತೆಗೆದೇ ಇತ್ತು. ಆಸ್ಪತ್ರೆ ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ತಾಯಿಗೆ ಅಳು ಬರಲಿಲ್ಲ. ಹತ್ತನೆಯ ದಿನ ಕಾರ್ಖಾನೆಗೆ ಹೋಗಿ ನಲವತ್ತು ತೋಳು ಹೊಲಿದಳು. ಬೆರಳಿಗೆ ಸೂಜಿ ಚುಚ್ಚಿ ರಕ್ತ ಬಂದದ್ದನ್ನು ಪಕ್ಕದವಳು ತೋರಿಸಬೇಕಾಯಿತು. ಮನೆಗೆ ಬಂದರೆ ಮೂರು ತಟ್ಟೆ ಹಾಕಿ, ಒಂದನ್ನು ತೆಗೆದಿಡುವಳು. ಒಳಗೆ ಏನೂ ಆಗುತ್ತಿರಲಿಲ್ಲ.

ಹುಡುಗಿಯ ಸಾವಿನ ಬಗ್ಗೆ ಇಲಾಖೆ ಇಟ್ಟಿದ್ದ ವಿಚಾರಣೆಯ ಹಿಂದಿನ ದಿನ ಮೇಷ್ಟ್ರು ಬಂದರು. ಮುಖ ಬಾಡಿತ್ತು.

"ಜ್ವರ ಇತ್ತು ಅಂತ ಹೇಳಿಬಿಡಿ ಅಕ್ಕ. ಹೋದೋಳಂತೂ ಬರಲ್ಲ, ಕ್ಲಬ್ ಮುಚ್ಚಿದ್ರೆ ಇರೋ ಮಕ್ಕಳು ಬೀದಿಗೆ ಬೀಳ್ತಾರೆ." ಜೇಬಿನಿಂದ ಚೀಟಿ ತೆಗೆದರು. "ಇನ್ನೊಂದು ಹೊಲಿಬೇಕಿತ್ತು. ಪೇಪರ್ ಅಂಗಡಿಯವನ ಮಗಳಿಗೆ, ಭಾನುವಾರ ಪಂದ್ಯ. ಅಳತೆ ಬರೆದಿದೀನಿ."

ತಾಯಿ ಚೀಟಿ ಓದಿದಳು. ಎದೆ, ಸೊಂಟ, ತೋಳು. ಎಲ್ಲ ಮಗಳ ಅಳತೆಗಿಂತ ಒಂದೊಂದು ಇಂಚು ಕಡಿಮೆ.

ಅವರು ಹೋದ ಮೇಲೆ ಅಜ್ಜಿ ಗೋಡೆ ನೋಡುತ್ತ ಹೇಳಿದಳು: "ಹೊಲಿದುಕೊಡು. ಈಗ ಒಲ್ಲೆ ಅಂದ್ರೆ ನಾವೇ ಕೊಂದಂಗಾಗುತ್ತೆ."

"ನಾವೇ ಅಲ್ವಾ ಅತ್ತೆ" ಎಂದಳು ಸೊಸೆ.

ಮುದುಕಿ ಸೆರಗು ಬಾಯಿಗೆ ತುರುಕಿಕೊಂಡಳು. ಓದುವ ತಾಯಂದಿರೇ, ಕೆಟ್ಟ ಪದ್ಧತಿಗಳೆಲ್ಲ ಉಳಿಯುವುದು ಹೀಗೆಯೇ. ನಿಲ್ಲಿಸಿದರೆ ಹಿಂದೆ ಮಾಡಿದ್ದು ತಪ್ಪೆಂದು ಒಪ್ಪಿದಂತಾಗುತ್ತದಲ್ಲ, ಆ ಭಯಕ್ಕೆ ಇನ್ನೊಂದು ಮಗುವನ್ನು ಕೊಡುತ್ತೇವೆ.

ಮರುದಿನ ಇಲಾಖೆಯ ಕಚೇರಿಯಲ್ಲಿ ತಾಯಿ ಚೀಲದಿಂದ ಬೆವರಂಗಿ ತೆಗೆದು ಮೇಜಿನ ಮೇಲೆ ಹರಡಿದಳು. ಕತ್ತಿನ ಪಟ್ಟಿಯಲ್ಲಿ ಉಪ್ಪು ಬೆಳ್ಳಗೆ ಕಟ್ಟಿತ್ತು. ಗೋಡೆಯ ಪಕ್ಕದ ಕುರ್ಚಿಯಲ್ಲಿದ್ದ ಮೇಷ್ಟ್ರು ತಲೆ ತಗ್ಗಿಸಿದರು.

"ಜ್ವರ ಇರಲಿಲ್ಲ ಮೇಡಂ. ಇದನ್ನ ಹೊಲಿದೋಳು ನಾನು. ಸಹಿ ಹಾಕಿದೋಳೂ ನಾನೇ. ಮೊದಲು ನನ್ನ ಹೆಸರು ಬರ್ಕೊಳ್ಳಿ, ಆಮೇಲೆ ಮೇಷ್ಟ್ರದು."

ಅಧಿಕಾರಿಣಿ ಪೆನ್ನು ಹಿಡಿದವರು ಬರೆಯಲಿಲ್ಲ. "ಆವತ್ತು ನಿಮ್ಮನೇಲಿ ಬಾಗಿಲು ಸರಿಸಿ ನೋಡ್ಬೇಕಿತ್ತು ನಾನು" ಎಂದರು. "ಪದಕ ಎಣಿಸಿ ಅನುದಾನ ಕೊಡೋರೂ ನಾವೇ. ನನ್ನ ಹೆಸರೂ ಬರಬೇಕು."

"ಅದೆಲ್ಲ ನಿಧಾನಕ್ಕೆ ಬರ್ಕೊಳ್ಳಿ." ತಾಯಿ ಅಳತೆಯ ಚೀಟಿಯನ್ನು ಅಂಗಿಯ ಮೇಲಿಟ್ಟಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. "ಇಷ್ಟು ಅಳತೆಯ ಹುಡುಗಿ ಒಬ್ಬಳು ಪೇಪರ್ ಅಂಗಡಿ ಮನೇಲಿದ್ದಾಳೆ. ಇವತ್ತಿಂದ ನೀರು ನಿಲ್ಲಿಸಿರ್ತಾರೆ. ಮೊದಲು ಎದ್ದು ಹೋಗಿ, ಆ ಮಗೂಗೆ ನೀರು ಕುಡಿಸಿ."