ಹನ್ನೊಂದನೇ ಟೇಕ್

ಹಾಡಿನ ಶೂಟಿಂಗ್ ನಡೆಯುತ್ತಿದ್ದಾಗ ಗಿರಗಿಟ್ಲೆ ಮೆಟ್ಟಿಲಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಅವಳು ಬಿದ್ದದ್ದನ್ನು ನಾನು ಹಾಡಿನಿಂದ ಕತ್ತರಿಸಿ ತೆಗೆದೆ.

ಹಾಡಿನ ವಿಡಿಯೋಗಳ ಎಡಿಟಿಂಗ್ ನನ್ನ ಕೆಲಸ. ಆ ವಿಡಿಯೋ ಮಾಡುವ ನಿರ್ದೇಶಕರಿಗೆ ಒಬ್ಬೊಬ್ಬರಿಗೆ ಒಂದೊಂದು ಚಾಳಿ. ಕಣ್ಣು ಮಿಟುಕಿಸುವುದರೊಳಗೆ ಮೂರು ಶಾಟ್ ಬದಲಿಸುವವನನ್ನು ನಾವು ಮಿಟುಕಣ್ಣ ಅನ್ನುತ್ತೇವೆ. ಅಳುವವರನ್ನೂ ನಗುವವರನ್ನೂ ಒಂದೇ ನೀಲಿಯಲ್ಲಿ ಅದ್ದಿ ತೆಗೆಯುವವನು ನೀಲಿಮಾವ. ನಮ್ಮವರು ಉಸಿರಣ್ಣ. ಹಾಡಿನೊಂದಿಗೆ ಹೊರಟ ಕ್ಯಾಮೆರಾ ಒಂದೇ ಉಸಿರಿಗೆ ಓಡಿ ಹಾಡು ಮುಗಿದ ಮೇಲೆಯೇ ನಿಲ್ಲಬೇಕು. ನಡುವೆ ಒಂದೂ ಕಟ್ ಇರಕೂಡದು. ಮೊದಲ ಹಾಡನ್ನು ಅವರು ಹಾಗೆ ತೆಗೆದದ್ದು, ಬಾಡಿಗೆಯ ಕ್ಯಾಮೆರಾವನ್ನು ಸಂಜೆಯೊಳಗೆ ವಾಪಸು ಕೊಡಬೇಕಿತ್ತು ಅಂತ. ಆಮೇಲೆ ಆ ಅವಸರಕ್ಕೆ ಶೈಲಿ ಎಂಬ ಹೆಸರು ಬಂತು.

ಗರಗರ ತಿರುಗುವುದರಲ್ಲಿ ಎತ್ತಿದ ಕೈ ಎಂದೇ ಗಿರಗಿಟ್ಲೆ ಅನ್ನಿಸಿಕೊಂಡವಳು, ಇಪ್ಪತ್ತು ವರ್ಷದಿಂದ ಬೇರೆಯವರ ಹಿಂದಿನ ಸಾಲಿನಲ್ಲೇ ಕುಣಿದವಳು. ಈ ಹಾಡಿನಲ್ಲಿ ಮೊದಲ ಸಲ ಒಬ್ಬಳೇ ಮುಂದೆ ಬಂದಿದ್ದಳು. ಹಳದಿ ಲಂಗ ತೊಟ್ಟು, ಎತ್ತರದ ಮೆಟ್ಟಿಲುಗಳನ್ನು ಗರಗರ ಸುತ್ತುತ್ತಾ ಇಳಿಯಬೇಕು. ಮೆಟ್ಟಿಲು ಹೊಳೆಯಲಿ ಎಂದು ಪ್ರತಿ ಟೇಕಿಗೂ ಪೈಪಿನಿಂದ ನೀರು ಬಿಡುತ್ತಿದ್ದರು.

“ಸರ್, ಜಾರುತ್ತೆ,” ಎಂದಳು, ಹನ್ನೊಂದನೇ ಟೇಕಿಗೆ ಮುಂಚೆ.

“ಒಣಗಿದ ಮೆಟ್ಟಿಲು ಯಾರು ಬೇಕಾದ್ರೂ ಇಳೀತಾರೆ ಕಣಮ್ಮ. ನೀನು ಗಿರಗಿಟ್ಲೆ ಅಲ್ವಾ? ತಿರುಗು.”

ತಿರುಗಿದಳು. ಬಿದ್ದಳು.

ಉಸಿರಣ್ಣನ ಕಾರಿನಲ್ಲಿ ಅವಳನ್ನು ಆಸ್ಪತ್ರೆಗೆ ಸಾಗಿಸುವ ಮುಂಚೆ ಲಂಗ ಬಿಚ್ಚಿಸಿಕೊಂಡರು. ಮಂಡಿಯ ಹತ್ತಿರ ಹರಿದಿದ್ದಲ್ಲಿ ದರ್ಜಿ ಸಣ್ಣ ಹೊಲಿಗೆ ಹಾಕಿದ, ರಕ್ತದ ಕಲೆಯನ್ನು ಒದ್ದೆ ಬಟ್ಟೆಯಿಂದ ಒತ್ತಿ ಒತ್ತಿ ತೆಗೆದ. ಆ ಲಂಗಕ್ಕೆ ಸಿಕ್ಕ ಆರೈಕೆ ಅದನ್ನು ತೊಟ್ಟಿದ್ದ ಮೈಗೆ ಸಿಗಲಿಲ್ಲ. ಅದೇ ಎತ್ತರದ ಇನ್ನೊಬ್ಬ ಹುಡುಗಿ ಅದನ್ನು ಹಾಕಿಕೊಳ್ಳುತ್ತಾ, “ಇನ್ನೂ ಬೆಚ್ಚಗಿದೆ,” ಎಂದಳು. ಎಲ್ಲರೂ ತಂತಮ್ಮ ಜಾಗಕ್ಕೆ ಮರಳಿದರು. ನಾನೂ. ಅವಳು ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೊನೆಯ ಭಾಗ ಕುಣಿದು ಮುಗಿಸಿದಳು.

ಮೆಟ್ಟಿಲ ನಡುವೆ ಒಂದು ಕಂಬವಿದೆ. ಕ್ಯಾಮೆರಾ ಅದನ್ನು ಹಾದು ಹೋಗುವಾಗ ಪರದೆ ಅರೆಕ್ಷಣ ಕಪ್ಪಾಗುತ್ತದೆ. ಕಂಬದ ಈಚೆ ಗಿರಗಿಟ್ಲೆ, ಆಚೆ ಆ ಹುಡುಗಿ. ಎರಡು ಹಗಲು ಕೂತು ನೆರಳಿಗೆ ನೆರಳು ಹೊಂದಿಸಿ, ಆ ಕಪ್ಪಿನಲ್ಲಿ ಬೆಸೆದೆ. ಮುಗಿದಾಗ, ಹೇಳಲು ನಾಚಿಕೆ, ನನಗೆ ಹೆಮ್ಮೆಯಾಯಿತು.

ಹಾಡು ಗೆದ್ದಿತು. ಹೋದಲ್ಲೆಲ್ಲ ಉಸಿರಣ್ಣ “ಒಂದೂ ಕಟ್ ಇಲ್ಲ” ಎಂದರು. ಸೆಟ್ಟಿನಲ್ಲಿ ಪೆಟ್ಟಾದರೆ ಆಪರೇಷನ್ನಿನ ಖರ್ಚು ಕೊಡಬೇಕಾದ ವಿಮೆಯವರೂ ಹಾಡು ನೋಡಿದರು. ಹೆಂಗಸು ಮೊದಲಿಂದ ಕೊನೆತನಕ ಕುಣಿಯುತ್ತಲೇ ಇದ್ದಾಳೆ, ನಡುವೆ ಕಟ್ ಇಲ್ಲ. ಹಾಗಾದರೆ ಬಿದ್ದದ್ದು ಯಾವಾಗ? ಮನೆಯಲ್ಲಿ ಬಿದ್ದಿರಬೇಕು ಎಂದು ಅರ್ಜಿ ತಳ್ಳಿಹಾಕಿದರು. ಸೆಟ್ಟಿನಲ್ಲಿದ್ದ ನಲವತ್ತು ಮಂದಿ ಬಾಯಿಗೆ ಬೀಗ ಹಾಕಿಕೊಂಡರು. ಎಲ್ಲರಿಗೂ ಮುಂದಿನ ಹಾಡಿನ ಕೆಲಸ ಬೇಕಿತ್ತು. ಎರಡನೇ ಆಪರೇಷನ್ ಆಗದಿದ್ದರೆ ಗಿರಗಿಟ್ಲೆ ಮತ್ತೆ ನಡೆಯುವುದಿಲ್ಲ ಎಂದಿದ್ದರು ಡಾಕ್ಟರು. ಅವಳು ಮತ್ತೆ ಅರ್ಜಿ ಹಾಕಿದಳು.

ಭಾನುವಾರ ನೋಡಲು ಹೋದೆ. ಬಾಗಿಲು ತೆಗೆದ ಅವಳ ಅತ್ತಿಗೆ ನನ್ನ ಕೈಯಲ್ಲಿದ್ದ ಚೀಲ ನೋಡಿದಳು.

“ಹಣ್ಣು ತಂದ್ರಾ? ಒಳ್ಳೇದು. ಎರಡು ಮಾತು ತಂದಿದ್ರೆ ಇನ್ನೂ ಒಳ್ಳೇದಿತ್ತು.”

“ಸುಮ್ನಿರಿ ಅತ್ತಿಗೆ,” ಒಳಗಿಂದ ಗಿರಗಿಟ್ಲೆ ಕೂಗಿದಳು. “ಬಾರೇ ತಂಗಿ. ಎದ್ದು ಬಂದು ಮರ್ಯಾದೆ ಮಾಡೋ ಹಾಗಿಲ್ಲ, ನೀನೇ ಕುರ್ಚಿ ಎಳ್ಕೋ.”

ದಿಂಬಿನ ಮೇಲೆ ಫೋನಿನಲ್ಲಿ ಅದೇ ಹಾಡು ಓಡುತ್ತಿತ್ತು. ಕಂಬ ಬಂದಾಗ ನಿಲ್ಲಿಸಿದಳು. ಹಿಂದಕ್ಕೆ ಹೋಗಿ ಮತ್ತೆ ನೋಡಿದಳು.

“ಇದು ನೀನೇ ಮಾಡಿದ್ದಾ?”

“ಹೂಂ, ಅಕ್ಕ.”

“ಎಷ್ಟು ಚೆನ್ನಾಗಿ ಮಾಡಿದೀಯ ಕಣೇ! ನೋಡಿ ನೋಡಿ ನಂಗೇ ಅನುಮಾನ ಬಂದುಬಿಟ್ಟಿದೆ, ನಾನು ನಿಜವಾಗ್ಲೂ ಬಿದ್ನಾ ಅಂತ.”

ಬೈದಿದ್ದರೆ ಬೈಸಿಕೊಂಡು ಎದ್ದು ಬರುತ್ತಿದ್ದೆ. ಅವಳು ಹೊಗಳಿದ್ದಳು. ಚೀಲದಿಂದ ಹಣ್ಣು ತೆಗೆದು ತಟ್ಟೆಗೆ ಜೋಡಿಸಿದೆ, ಮತ್ತೆ ಚೀಲಕ್ಕೆ ತುಂಬಿದೆ, ಮತ್ತೆ ಜೋಡಿಸಿದೆ.

ಸೋಮವಾರ ಬೆಳಿಗ್ಗೆ ಉಸಿರಣ್ಣ ಎಡಿಟಿಂಗ್ ಕೋಣೆಗೆ ಬಂದು ಬಾಗಿಲು ಹಾಕಿದರು.

“ಬುಧವಾರ ವಿಮೆಯವರು ವಿಚಾರಣೆ ಇಟ್ಟಿದ್ದಾರೆ. ಮೂಲ ಶಾಟ್‌ಗಳನ್ನ ಕೇಳ್ತಾರಂತೆ. ಹನ್ನೊಂದನೇ ಟೇಕ್ ಅಳಿಸಿಬಿಡು.”

ನಾನು ಅದನ್ನು ಪರದೆಗೆ ತಂದೆ. ಅವಳು ಬಿದ್ದ ಗಾಬರಿಗೆ ಕ್ಯಾಮೆರಾ ಪಕ್ಕಕ್ಕೆ ಹೊರಳಿತ್ತು. ಪೈಪು ಹಿಡಿದವನು, ಕುರ್ಚಿಯಿಂದ ಏಳದ ಉಸಿರಣ್ಣ, ಅವರ ಬೆನ್ನ ಹಿಂದೆ ಕೈಕಟ್ಟಿ ನಿಂತ ನಾನು. ಪೂರ್ತಿ ಒಂಬತ್ತು ಸೆಕೆಂಡು ಯಾರೊಬ್ಬರೂ ಕದಲುವುದಿಲ್ಲ. ಇದೇ ಚೂರನ್ನು ಕೈಯಾರೆ ಕತ್ತರಿಸಿದ್ದೆ, ನನ್ನ ಮುಖವನ್ನು ನಾನೇ ನೋಡದೆ.

“ಅವಳಿಗೆ ನಾನೇ ಏನಾದ್ರೂ ಸಹಾಯ ಮಾಡ್ತೀನಿ,” ಎಂದರು. “ಕಟ್ ಇದೆ ಅಂತ ಹೊರಗೆ ಬಿದ್ರೆ ನನ್ನ ಹತ್ರ ಇನ್ನೇನು ಉಳಿಯುತ್ತೆ, ನೀನೇ ಹೇಳು. ನಿಂಗೆ ಈ ಕೆಲಸ ಕಲಿಸಿದ್ದು ಯಾರು?”

“ನೀವೇ ಸರ್.”

“ಮತ್ತೆ? ಅಳಿಸು.”

ಕೀಬೋರ್ಡಿನಿಂದ ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ.

“ಇಲ್ಲ ಸರ್. ಅಳಿಸಲ್ಲ.”