ಹೊಗೆಗೆ ಕೂಡಿಸುವ ಎರಡು ಅಂಕ

ನಾಲ್ಕನೆಯ ಲೋಟದ ಮುಚ್ಚಳ ಸರಿಸಿ ಮೂಗನ್ನು ಹತ್ತಿರ ತಂದವಳು ತಟ್ಟನೆ ತಲೆಯನ್ನು ಹಿಂದಕ್ಕೆಳೆದುಕೊಂಡಳು. ಲೋಟದಿಂದ ಹೊಗೆ ಬಂದಿತ್ತು. ಕಣ್ಣಿಗೆ ಕಾಣುವ ಹೊಗೆಯಲ್ಲ. ಜೌಗುನೆಲದಿಂದ ಕಡಿದು ತಂದ ಪೀಟ್ ಹೆಂಟೆಗಳನ್ನು ಉರಿಸಿ ಮೊಳಕೆ ಬಾರ್ಲಿಯನ್ನು ಒಣಗಿಸುವಾಗ ಕಾಳಿನೊಳಕ್ಕೆ ಇಳಿದು, ಹನ್ನೆರಡು ವರ್ಷ ಪೀಪಾಯಿಯಲ್ಲಿ ಮಲಗಿದ್ದು, ಸಿಂಗಲ್ ಮಾಲ್ಟ್ ಸ್ಕಾಚ್ ವಿಸ್ಕಿಯೊಂದಿಗೆ ಹೊರಬೀಳುವ ಹೊಗೆ.

"ಏನಾಯ್ತೇ, ಲೋಟ ಕಚ್ಚಿತಾ?" ಎಂದ ಪೀಪಾಯಿಗಳ ಉಗ್ರಾಣ ನೋಡಿಕೊಳ್ಳುವವ, ತನ್ನ ಲೋಟದಿಂದ ತಲೆಯೆತ್ತದೆ.

"ಏನಿಲ್ಲ ಮಾವ."

ಬಣ್ಣ ಕಂಡು ಮನಸ್ಸು ಮೋಸಹೋಗದಿರಲೆಂದು ಲೋಟಗಳೆಲ್ಲ ಕಡುನೀಲಿ; ಗುರುತಿಗೆ ಸಂಖ್ಯೆಯಷ್ಟೆ. ಆದರೂ ಇಂದಿನ ಐದು ಲೋಟಗಳಲ್ಲಿ ಒಂದು ತನ್ನ ಅಪ್ಪ ಒಣಗಿಸಿದ ಬಾರ್ಲಿಯ ಪೀಪಾಯಿಯದೆಂಬುದು ಅವಳಿಗೆ ತಿಳಿದಿತ್ತು. ಮೂವತ್ತು ವರ್ಷ ಬಾರ್ಲಿ ಒಣಗಿಸುವ ಗೂಡಿನ ಬೆಂಕಿ ಕಾದ ಅವನು, ಹನ್ನೆರಡು ವರ್ಷದ ಹಿಂದೆ ಜೊತೆಗಾರ ಹಾಸಿಗೆ ಹಿಡಿದ ಒಂದು ಹಂಗಾಮಿನಲ್ಲಿ ಇಡೀ ಗೂಡನ್ನು ಒಬ್ಬನೇ ನಿಭಾಯಿಸಿದ್ದ. "ಅದನ್ನ ಯಾವಾಗ ಮೂಸ್ತೀರೇ?" ಎಂದು ವರ್ಷವರ್ಷವೂ ಕೇಳುತ್ತಿದ್ದವನು ಎಂಟು ತಿಂಗಳ ಹಿಂದೆ, ಕೆಲಸದಲ್ಲಿರುವಾಗಲೇ ತೀರಿಕೊಂಡ. ಐದರಲ್ಲಿ ಗೆದ್ದ ಪೀಪಾಯಿಯನ್ನು ಬೇರೆಯಾಗಿಯೇ ಸೀಸೆಗಿಳಿಸುತ್ತಾರೆ; ಸೀಸೆಯ ಮೇಲೆ ಗೂಡು ಕಾದವನ ಹೆಸರು ಬರುತ್ತದೆ. ಮೂವರು ಪರೀಕ್ಷಕರಲ್ಲಿ ಒಬ್ಬರಾದರೂ ಹೊಗೆಗೆ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಕೊಟ್ಟರೆ ಹೊಗೆ ಅತಿಯಾಯಿತೆಂದು ಅದು ಉಳಿದವುಗಳ ಜೊತೆ ಮಿಶ್ರಣದ ಕೊಪ್ಪರಿಗೆಗೆ ಹೋಗುತ್ತದೆ.

ಅವಳು ನಾಲ್ಕು ಹನಿ ನೀರು ಬೆರೆಸಿ ಮತ್ತೆ ಮೂಸಿದಳು, ನಾಲಗೆಯ ಮೇಲೆ ಹೊರಳಿಸಿ ಉಗಿದಳು. ಉಪ್ಪು, ಸುಟ್ಟ ಹಗ್ಗ, ಅವೆರಡೂ ಇಳಿದ ಮೇಲೆ ಕಳಿತ ಪೇರುಹಣ್ಣಿನ ಸಿಹಿ. ಚೀಟಿಯಲ್ಲಿ ಏಳು ಎಂದು ಬರೆದಳು.

ಮುಖ್ಯ ಪರೀಕ್ಷಕಿಯನ್ನು ಎಲ್ಲರೂ ಮೂಗಜ್ಜಿ ಎಂದೇ ಕರೆಯುತ್ತಿದ್ದರು. ಆಕೆ ಚೀಟಿಗಳನ್ನು ಓದುತ್ತ ಪುಸ್ತಕದಲ್ಲಿ ಬರೆದುಕೊಂಡಳು. "ನಾಲ್ಕನೇದು. ನಂದು ಏಳು, ಅವಂದೂ ಏಳು. ನಿಂದು ಏಳು, ಅಂದ್ರೆ ಒಂಬತ್ತು. ಮಿಶ್ರಣಕ್ಕೆ."

ಅದು ಹನ್ನೊಂದು ವರ್ಷದ ರೂಢಿ. ಅಪ್ಪನ ಕೋಟು, ಕೂದಲು, ಕಂಬಳಿ, ಊಟದ ಮೇಜು ಎಲ್ಲವೂ ಗೂಡಿನ ಹೊಗೆಯಲ್ಲಿ ನೆಂದಿದ್ದ ಮನೆಯಲ್ಲಿ ಬೆಳೆದ ಮೂಗು ಹೊಗೆಯನ್ನು ಗಾಳಿಯೆಂದೇ ಎಣಿಸುತ್ತಿತ್ತು. ಉಳಿದ ಗುಣಗಳಲ್ಲಿ ಕೂದಲೆಳೆಯಷ್ಟೂ ತಪ್ಪದವಳು ಹೊಗೆಯಲ್ಲಿ ಸದಾ ಎರಡು ಅಂಕ ಹಿಂದೆ. ಹಾಗಾಗಿ ಮೂಗಜ್ಜಿ ಅವಳ ಹೊಗೆಯ ಅಂಕಕ್ಕೆ ಎರಡು ಕೂಡಿಸಿಕೊಳ್ಳುತ್ತಿದ್ದಳು.

"ಅಜ್ಜೀ, ಇವತ್ತು ಕೂಡಿಸಬೇಡಿ."

ಲೇಖನಿ ನಿಂತಿತು. "ಇದು ಯಾರದು ಅಂತ ಗೊತ್ತಾಯ್ತಾ?"

"ಗೊತ್ತಾಯ್ತು."

"ನೋಡು ಮಗಳೇ, ನಿಮ್ಮಪ್ಪ ನನಗೂ ಬೇಕಾದವನೇ. ಹಾಗಂತ ಅಂಕ ತಿದ್ದೋಕಾಗುತ್ತಾ?"

"ಅಪ್ಪನಿಗೋಸ್ಕರ ಹೇಳ್ತಿಲ್ಲ. ಬೇಕಿದ್ರೆ ನನ್ನನ್ನೇ ಪರೀಕ್ಷೆ ಮಾಡಿ."

ಮೂಗಜ್ಜಿ ಬೆನ್ನು ತಿರುಗಿಸಿ ಆರು ಲೋಟಗಳಿಗೆ ಹೊಗೆಯಿಲ್ಲದ ವಿಸ್ಕಿ ಸುರಿದು, ಒಂದಕ್ಕೆ ಮಾತ್ರ ಹೊಗೆಯ ವಿಸ್ಕಿಯ ಒಂದೇ ಹನಿ ಬಿಟ್ಟಳು. ವರ್ಷಕ್ಕೊಮ್ಮೆ ನಡೆಯುವ ಈ ಪರೀಕ್ಷೆಯಲ್ಲಿ ಅವಳು ಒಮ್ಮೆಯೂ ಗೆದ್ದವಳಲ್ಲ. ಈಗ ಸಾಲಾಗಿ ಮೂಸುತ್ತ ಬಂದು ಮೂರನೆಯ ಲೋಟವನ್ನು ಮುಂದೆ ತಳ್ಳಿದಳು. ಮೂಗಜ್ಜಿ ಹನಿಯನ್ನು ನೀರಿನಲ್ಲಿ ತೆಳುಮಾಡಿ ಮತ್ತೊಮ್ಮೆ ಇಟ್ಟಳು. ಐದನೆಯದನ್ನು ತಳ್ಳಿದಳು. ಮೂರನೆಯ ಸಲ ಆರನ್ನೂ ಮೂಸಿ, "ಯಾವುದರಲ್ಲೂ ಇಲ್ಲ" ಎಂದಳು. ಇರಲಿಲ್ಲ.

"ಭಲೇ! ಹನ್ನೊಂದು ವರ್ಷ ಮಲಗಿದ್ದ ಮೂಗು ಈಗ ಎದ್ದಿತಲ್ಲೇ…" ಎಂದು ನಗಲು ಹೊರಟ ಉಗ್ರಾಣದವ ಅರ್ಧಕ್ಕೇ ನಿಲ್ಲಿಸಿದ.

"ಮನೇಲಿ ಆ ಹೊಗೆ?" ಎಂದಳು ಮೂಗಜ್ಜಿ, ಮೆಲ್ಲಗೆ.

"ಇಲ್ಲ ಅಜ್ಜಿ. ಅಪ್ಪ ಹೋದ ಮೇಲೆ ಅದೂ ಹೋಗಿಬಿಟ್ಟಿದೆ. ಬೆಳಿಗ್ಗೆ ಬರೋವಾಗಲೂ ನನಗೆ ಗೊತ್ತಿರಲಿಲ್ಲ."

ಮೂಗಜ್ಜಿ ಒಂಬತ್ತನ್ನು ಹೊಡೆದುಹಾಕಿ ಏಳು ಬರೆದಳು; ಉಳಿದ ಗುಣಗಳ ಅಂಕದಲ್ಲಿ ನಾಲ್ಕನೆಯದೇ ಮುಂದಿತ್ತು. ಆಮೇಲೆ ಪುಟಗಳನ್ನು ಹಿಂದಕ್ಕೆ ಮಗುಚಿ, ಮೊದಲ ಹಾಳೆಯಲ್ಲಿ ಅವಳ ಹೆಸರಿನ ಮುಂದಿದ್ದ 'ಎರಡು ಕೂಡಿಸಿ' ಎಂಬ ಸಾಲಿನ ಮೇಲೂ ಗೆರೆ ಎಳೆದಳು.

ಸಂಜೆ ಮನೆಯ ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತು ನಿಧಾನವಾಗಿ ಉಸಿರೆಳೆದುಕೊಂಡಳು. ಸೋಪು. ತೇವದ ಗೋಡೆ. ಅಮ್ಮನ ಮಂಡಿನೋವಿನ ಎಣ್ಣೆ. ಎಂಟು ತಿಂಗಳಿಂದ ಅಮ್ಮ ಒಂದು ಕಿಟಕಿಯನ್ನೂ ತೆರೆದಿರಲಿಲ್ಲ.

"ಅಪ್ಪನ ಪೀಪಾಯಿ ಗೆದ್ದಿತಮ್ಮ. ಸೀಸೆ ಮೇಲೆ ಹೆಸರು ಬರುತ್ತಂತೆ."

ಅಮ್ಮ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, ಅಳುವೂ ನಗುವೂ ಕೂಡಿಬಂದ ದನಿಯಲ್ಲಿ ಗದರಿದಳು. "ಮೊದಲು ಬಾಗಿಲು ಹಾಕೇ, ಇರೋ ಹೊಗೇನೂ ಹೊರಟುಹೋಗುತ್ತೆ! ಹೇಗೆ ಘಂ ಅಂತಿದೆ ನೋಡು, ಈಗಷ್ಟೇ ಕೋಟು ಬಿಚ್ಚಿಟ್ಟು ಒಳಗೆ ಹೋದ ಹಾಗೆ. ನಿನಗೆಲ್ಲಿ ಗೊತ್ತಾಗ್ಬೇಕು, ಇದರಲ್ಲೇ ಹುಟ್ಟಿ ಬೆಳೆದವಳು."

"ಹೌದಮ್ಮ, ನನಗೆ ಗೊತ್ತಾಗಲ್ಲ."

ಅವಳು ಬಾಗಿಲು ಹಾಕಿದಳು. ಗಾಳಿ ನುಸುಳದಿರಲೆಂದು ಅಮ್ಮ ಸುತ್ತಿಟ್ಟಿದ್ದ ಹಳೆಯ ಬಟ್ಟೆಯನ್ನು ಬಗ್ಗಿ ಎತ್ತಿಕೊಂಡು, ಕೆಳಗಿನ ಸಂದಿಯುದ್ದಕ್ಕೂ ಬೆರಳಿನಿಂದ ಒತ್ತುತ್ತ ಹೋದಳು.