ತಿಕ್ಕಿದ ರೂಪಾಯಿ

ಭೂತಗನ್ನಡಿಯ ಆಚೆ ಮಹಮ್ಮದಸಾಬನ ಕಣ್ಣು ಎಮ್ಮೆಯ ಕಣ್ಣಿನಷ್ಟು ದೊಡ್ಡದಾಗಿದೆ, ರೆಪ್ಪೆ ಬಡಿಯುತ್ತಿಲ್ಲ, ಯಾಕೆ ಬಡಿಯುತ್ತಿಲ್ಲ, ಏನು ಕಂಡಿತು ಇವನಿಗೆ ಎಂದು ರೇಣುಕವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ರೋಣದ ಈ ಅಂಗಡಿಗೆ ಬರಲೇಬಾರದಿತ್ತು, ಹಳೇ ನಾಣ್ಯದವನು ಖರೇ ಹೇಳ್ತಾನ ಎಂದಿದ್ದರು, ಖರೇ ಯಾರಿಗೆ ಬೇಕಿತ್ತು, ಚಲೋ ಐತ್ರಿ ಎಂದುಬಿಟ್ಟರೆ ಸಾಕಿತ್ತು. ನಾಣ್ಯ ಅವಳದಲ್ಲ. ಜಕ್ಕಲಿಯಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಯ ಬೀಬಿಜಾನಳದು, ಹನ್ನೊಂದು ವರ್ಷದ ಕೆಳಗೆ ಬೆಳವಣಕಿಗೆ, ಮಗಳ ಮನೆಗೆ ಹೊರಟಾಗ ಬೆಳ್ಳಿ ರೂಪಾಯಿಯನ್ನು ಇವಳ ಅಂಗೈಯಲ್ಲಿಟ್ಟು, ನನ್ನ ಕಡೆ ಉಳಿಯಂಗಿಲ್ಲ ರೇಣುಕಾ, ನಮ್ಮಪ್ಪ ಕೊಟ್ಟದ್ದು, ಮೊಮ್ಮಗಳು ನಾಜಮೀನಳ ಮದುವಿಗೆ ಇಸ್ಕೊಂತೀನಿ ಎಂದಿದ್ದಳು — ಕಪ್ಪಗಿತ್ತು ಆಗ, ಹಂಚಿನ ತಳದ ಹಾಗೆ, ನಂಬಿ ಕೊಟ್ಟದ್ದನ್ನು ಕಪ್ಪಗೆ ಇಡುವುದು ಹೇಗೆ ಎಂದು ದೇವರ ಜಗಲಿಯ ಮೇಲಿಟ್ಟು ಸೋಮವಾರಕ್ಕೊಮ್ಮೆ ಹುಣಸೆಹಣ್ಣು, ಬೂದಿ, ತೆಂಗಿನ ನಾರು, ಎಷ್ಟು ಹೊಳೆಯುತ್ತಿತ್ತು, ಮೊನ್ನೆ ಮದುವೆಯ ಕರೆ ಬಂದ ದಿನ ಕಿಟಕಿಗೆ ಹಿಡಿದಾಗ ಕಂಡದ್ದು, ರಾಜನ ಮುಖವಿರಬೇಕಾದಲ್ಲಿ ಬರೀ ಬೆಳಕು, ಮೊದಲೇ ಸವೆದಿತ್ತೋ ತನ್ನ ಕೈಯಿಂದಲೇ ಹೋಯಿತೋ ಎಂದು ಕೇಳಲು ಬಂದಿದ್ದಳು. ಯಾರು ತಿಕ್ಯಾರ್ರಿ ಇದನ್ನ, ಮಹಮ್ಮದಸಾಬ ಕೇಳುತ್ತಿದ್ದಾನೆ, ಕೈಯಿಂದ ಕೈಗೆ ಹೋಗಿದ್ರ ಉಬ್ಬಿದ್ದಷ್ಟ ಸವೀತೈತ್ರಿ, ಗಲ್ಲ, ಹುಬ್ಬು, ಗಡ್ಡ, ಸಂದ್ಯಾಗ ಕಪ್ಪು ಉಳೀತೈತಿ, ಇಲ್ಲಿ ತಗ್ಗಿನಾಗೂ ಗೀರು, ಎಲ್ಲಾ ಒಂದ ದಿಕ್ಕಿಗೆ — ಹೌದು, ಅವಳ ಬಲಗೈ ಹೋಗುವ ದಿಕ್ಕಿಗೆ.

ಅವನು ಡ್ರಾ ಎಳೆದ, ಅದೇ ವರ್ಷದ್ದು ಇನ್ನೊಂದೈತಿ, ಮಾರಿ ಚಲೋ ಉಳದೈತಿ, ಬದಲ್ ಮಾಡ್ಕೊಂಡ ಒಯ್ರಿ, ಯಾರಿಗೆ ತಿಳೀತೈತಿ. ಅವಳ ಕೈ ಆಗಲೇ ಅದರ ಮೇಲಿತ್ತು, ಕಪ್ಪಗೆ, ತಣ್ಣಗೆ, ಮುಖ ಗಡ್ಡ ಎಲ್ಲ ಇದ್ದವು, ತಿಳಿಯುವುದಿಲ್ಲ, ಬೀಬಿಜಾನಳ ಕಣ್ಣೂ ಈಗ ಮಂಜು — ಆದರೆ ಇದನ್ನು ಯಾರ ಅಪ್ಪ ಯಾರಿಗೆ ಕೊಟ್ಟದ್ದೋ, ಇದನ್ನು ಆ ಹುಡುಗಿಯ ಕೈಗಿಟ್ಟು ನಿಮ್ಮ ಮುತ್ತಜ್ಜನದವ್ವಾ ಎನ್ನುತ್ತಾಳಲ್ಲ ಮುದುಕಿ, ತಾನು ಪಕ್ಕದಲ್ಲೇ ನಿಂತು ಹೌದೆನ್ನಬೇಕಲ್ಲ. ಬ್ಯಾಡ್ರಿ ಎಂದಳು, ಅದನ್ನು ಅವನ ಕಡೆಗೆ ಸರಿಸಿ ಬೀಬಿಜಾನಳದನ್ನು ಸೆರಗಿಗೆ ಗಂಟು ಹಾಕಿದಳು.

ಬೆಳವಣಕಿಯ ಬಸ್ಸಿನ ಕಿಟಕಿಯಲ್ಲಿ ಕಡಲೆಹೊಲ, ಎರೆಹೊಲ, ಮತ್ತೆ ಕಡಲೆಹೊಲ, ಸೆರಗಿನ ಗಂಟಿನೊಳಗೆ ನಾಣ್ಯ, ಹೇಗೆ ಹೇಳಲಿ, ಮೊದಲು ಆರಾಮೇನ್ ಎನ್ನಲೇ, ಮೊದಲು ಕಾಲು ಹಿಡಿಯಲೇ, ಕಟ್ಟೆಯ ಮೇಲೆ ಅಕ್ಕಿ ಕೇರುತ್ತಿದ್ದ ಬೀಬಿಜಾನ ಬಾ ರೇಣುಕಾ ಎನ್ನುವಷ್ಟರಲ್ಲಿ ಎಲ್ಲವೂ ಒಟ್ಟಿಗೇ ಬಾಯಿಗೆ ಬಂತು, ಹೊಳೀಲಿ ಅಂತ ತಿಕ್ಕಿದ್ನಿ ಬೇ, ಕೆಡ್ತೈತಂತ ಗೊತ್ತಿರ್ಲಿಲ್ಲ, ತಪ್ಪಾತು. ಬೀಬಿಜಾನ ಬೈಯಲಿಲ್ಲ. ಇರ್ಲಿ ಬಿಡು ಎಂದೂ ಅನ್ನಲಿಲ್ಲ. ಮೊರ ಸರಿಸಿ ನಾಣ್ಯವನ್ನು ಅಂಗೈಗೆ ತೆಗೆದುಕೊಂಡಳು, ನಮ್ಮಪ್ಪ ತೊಡಿಮ್ಯಾಗ ಕುಂಡ್ರಿಸ್ಕೊಂಡು ಕೇಳ್ತಿದ್ದ, ರಾಜಾನ ಕಿವಿ ಎಲ್ಲೈತಿ ತೋರ್ಸು ಅಂತ, ಇಲ್ಲೇ ಇತ್ತು ಕಿವಿ, ಇಲ್ಲೇ — ಹೆಬ್ಬೆರಳಿನ ಉಗುರು ನುಣುಪು ಬೆಳ್ಳಿಯ ಮೇಲೆ ಹುಡುಕಿತು, ಜಾರಿತು, ಮತ್ತೆ ಮೊದಲಿನ ಜಾಗಕ್ಕೆ ಬಂದು ಹುಡುಕಿತು, ಜಾರಿತು, ಆ ಉಗುರು, ಆ ಉಗುರು